ಊಟ ತಾನಾಗಿಯೇ ಹಳಸುತ್ತದೆಯೇ? ಕತ್ತಲ ಸಭಾಂಗಣದಲ್ಲಿ ಲೂಯಿ ಪಾಶ್ಚರ್ ಕೊಟ್ಟ ಉತ್ತರ

ರಾತ್ರಿ ಉಳಿದ ಸಾರು ಬೆಳಿಗ್ಗೆ ಹಳಸಿದ್ದರೆ, ತಾನಾಗಿಯೇ ಕೆಟ್ಟಿತು ಎಂದು ಚೆಲ್ಲಿಬಿಡುತ್ತೇವೆ. ಸುಮಾರು 160 ವರ್ಷಗಳ ಹಿಂದೆ ಯುರೋಪಿನ ಕೆಲವು ವಿಜ್ಞಾನಿಗಳೂ ಇದನ್ನೇ ನಂಬಿದ್ದರು. ಕೊಳೆಯುವ ವಸ್ತುವಿನಲ್ಲಿ ಸೂಕ್ಷ್ಮಜೀವಿಗಳು ತಾವಾಗಿಯೇ ಹುಟ್ಟುತ್ತವೆ ಎಂಬುದು ಅವರ ವಾದ. ಅದನ್ನು ಪ್ರಯೋಗದಿಂದ ಪರೀಕ್ಷಿಸಿ, ಜನರೆದುರಿಗೂ ತಂದವರು ಫ್ರಾನ್ಸಿನ ಲೂಯಿ ಪಾಶ್ಚರ್.

ಪಾಶ್ಚರ್ ಹುಟ್ಟಿದ್ದು 1822ರಲ್ಲಿ, ಡೋಲ್ ಎಂಬ ಊರಿನಲ್ಲಿ. ತಂದೆಯದು ಚರ್ಮ ಹದಮಾಡುವ ಕೆಲಸ. ಅನೇಕರು ತಿಳಿದಿರುವಂತೆ ಪಾಶ್ಚರ್ ವೈದ್ಯರಲ್ಲ, ರಸಾಯನ ವಿಜ್ಞಾನಿ. ಹಾಲು ಹುಳಿಯಾಗುವುದು ಹೇಗೆ ಎಂದು ಹುಡುಕುತ್ತಾ ಅವರು ಸೂಕ್ಷ್ಮಜೀವಿಗಳ ಲೋಕಕ್ಕೆ ಬಂದರು.

ಅವರ ಪ್ರಯೋಗ ಸರಳವಾಗಿತ್ತು. ಗಾಜಿನ ಬುರುಡೆಯಲ್ಲಿ ಯೀಸ್ಟ್ ಮತ್ತು ಸಕ್ಕರೆಯ ದ್ರವ ತುಂಬಿ, ಅದರ ಕುತ್ತಿಗೆಯನ್ನು ಬೆಂಕಿಗೆ ಹಿಡಿದು ಹಂಸದ ಕೊರಳಿನಂತೆ ಬಾಗಿಸಿ, ದ್ರವವನ್ನು ಕುದಿಸಿದರು. ಬಾಯಿ ತೆರೆದೇ ಇತ್ತು, ಗಾಳಿ ಒಳಗೆ ಹೋಗುತ್ತಿತ್ತು. ಆದರೆ ಧೂಳು ಬಾಗಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು. ದ್ರವ ತಿಂಗಳುಗಟ್ಟಲೆ ಕೆಡಲಿಲ್ಲ. ಬುರುಡೆಯನ್ನು ಓರೆಮಾಡಿ ಆ ಧೂಳನ್ನು ದ್ರವಕ್ಕೆ ಸೋಕಿಸಿದರೆ ಕೆಲವೇ ದಿನಗಳಲ್ಲಿ ಕೆಟ್ಟಿತು!

1864ರ ಏಪ್ರಿಲ್ 7ರ ಸಂಜೆ ಪ್ಯಾರಿಸ್‌ನ ಸೋರ್ಬಾನ್‌ನಲ್ಲಿ ಅವರು ಸಾರ್ವಜನಿಕ ಉಪನ್ಯಾಸ ಕೊಟ್ಟರು. ಕೇಳಲು ಬಂದವರಲ್ಲಿ ಕಾದಂಬರಿಕಾರರಾದ ಅಲೆಕ್ಸಾಂಡರ್ ಡ್ಯೂಮಾ ಮತ್ತು ಜಾರ್ಜ್ ಸ್ಯಾಂಡ್ ಕೂಡ ಇದ್ದರು. ಪಾಶ್ಚರ್ ಸಭಾಂಗಣವನ್ನು ಕತ್ತಲು ಮಾಡಿಸಿ ಒಂದೇ ಒಂದು ಬೆಳಕಿನ ಕಿರಣ ಹಾಯಿಸಿದರು. ಹಂಚಿನ ಮನೆಯ ಬೆಳಕಿಂಡಿಯಿಂದ ಬಿಸಿಲು ಇಳಿದಾಗ ನಾವು ಕಾಣುವ ಹಾಗೆ, ಗಾಳಿಯಲ್ಲಿ ಧೂಳಿನ ಕಣಗಳು ಕುಣಿಯುತ್ತಿದ್ದವು. ಸೂಕ್ಷ್ಮಜೀವಿಗಳು ಬರುವುದು ಇಂಥ ಧೂಳಿನ ಜೊತೆ ಎಂದು ವಿವರಿಸಿ, ಕೆಡದೆ ಉಳಿದಿದ್ದ ದ್ರವವನ್ನು ತೋರಿಸಿದರು. ಸೂಕ್ಷ್ಮದರ್ಶಕವನ್ನೇ ನೋಡಿರದವರಿಗೂ ವಿಷಯ ಅರ್ಥವಾಗುವಂತಿತ್ತು.

ಹಾಗಾದರೆ ಅಲ್ಲಿಗೆ ಎಲ್ಲವೂ ಮುಗಿಯಿತೇ? ಇಲ್ಲ. ಅವರ ಎದುರಾಳಿ ಫೆಲಿಕ್ಸ್ ಪೂಶೆ ಬಳಸಿದ್ದು ಒಣಹುಲ್ಲಿನ ಕಷಾಯ. ಅದು ಕುದಿಸಿದ ಮೇಲೂ ಕೆಡುತ್ತಿತ್ತು. ಕಾರಣ ತಿಳಿದದ್ದು 1870ರ ದಶಕದಲ್ಲಿ. ಕೆಲವು ಬ್ಯಾಕ್ಟೀರಿಯಾಗಳು ಗಟ್ಟಿ ಕವಚದ ಬೀಜಾಣುಗಳಾಗಿ ಕುದಿಯುವ ನೀರಿನಲ್ಲೂ ಬದುಕುತ್ತವೆ ಎಂದು ಫರ್ಡಿನಾಂಡ್ ಕೋನ್ ಮತ್ತು ಜಾನ್ ಟಿಂಡಾಲ್ ತೋರಿಸಿದರು. ಪಾಶ್ಚರ್ ತೀರ್ಮಾನ ಸರಿಯಾಗಿತ್ತು. ಆದರೆ ಒಮ್ಮೆ ಕುದಿಸಿದರೆ ಎಲ್ಲವೂ ಸಾಯುತ್ತದೆ ಎಂಬುದು ಸರಿಯಲ್ಲ.

ಇದು ನಮ್ಮ ಅಡುಗೆಮನೆಗೂ ಸಂಬಂಧಿಸಿದ ಮಾತು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಬೀಜಾಣುಗಳು ಅನ್ನ ಬೆಂದರೂ ಉಳಿಯಬಲ್ಲವು. ಅನ್ನವನ್ನು ಹೊರಗೇ ಬಿಟ್ಟರೆ ಅವು ಬೆಳೆದು ವಿಷ ಉಂಟುಮಾಡಬಹುದು. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದಿರಬಹುದು, ವಾಸನೆಯಿಂದಲೂ ಗೊತ್ತಾಗದಿರಬಹುದು. ಹಾಗಾಗಿ ಉಳಿದ ಅನ್ನವನ್ನು ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಿ.

ಪಾಶ್ಚರ್ 1895ರಲ್ಲಿ ತೀರಿಕೊಂಡರು. ಕುದಿಸಿದ್ದೆಲ್ಲ ಸುರಕ್ಷಿತ ಎಂಬ ಫಾರ್ವರ್ಡ್ ನಿಮಗೆ ಬಂದರೆ, ಮುಂದೆ ಕಳಿಸುವ ಮೊದಲು ಆ ಹುಲ್ಲಿನ ಕಷಾಯವನ್ನು ಒಮ್ಮೆ ನೆನಪಿಸಿಕೊಳ್ಳಿ.