ಮಿನಿ ಕಾರಿನ ಅಲೆಕ್ ಇಸ್ಸಿಗೋನಿಸ್

ಹಳೇ ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿ ನೋಡಿ, ಇಂಜಿನ್ ಉದ್ದಕ್ಕೆ ಕೂತಿರುತ್ತೆ. ಸುತ್ತ ಎಷ್ಟು ಜಾಗ ಅಂದ್ರೆ ಮೆಕ್ಯಾನಿಕ್ ಒಳಗೇ ಇಳಿದು ಕೆಲಸ ಮಾಡಬಹುದು ಅನ್ನಿಸುತ್ತೆ. ಆಮೇಲೆ ಮಾರುತಿ 800 ಬಾನೆಟ್ ಎತ್ತಿ. ಇಂಜಿನ್ ಅಡ್ಡ ಇರುತ್ತೆ, ಗೇರ್‌ಬಾಕ್ಸ್ ಅದರ ಪಕ್ಕಕ್ಕೆ ಅಂಟಿಕೊಂಡಿರುತ್ತೆ, ಸ್ಪ್ಯಾನರ್ ತಿರುಗಿಸೋಕೆ ಅಲ್ಲಲ್ಲಿ ಬೆರಳಷ್ಟೇ ಜಾಗ. ಇಂಜಿನ್ ಅಡ್ಡ ಇಟ್ಟು ಮುಂದಿನ ಚಕ್ರ ಓಡಿಸೋ ಪದ್ಧತಿಯನ್ನು ಲೋಕಕ್ಕೆಲ್ಲ ಗೊತ್ತು ಮಾಡಿಸಿದ್ದು ಇಂಗ್ಲೆಂಡಿನ ಮಿನಿ ಕಾರು. ಅದನ್ನು ಡಿಸೈನ್ ಮಾಡಿದವರು ಅಲೆಕ್ ಇಸ್ಸಿಗೋನಿಸ್. ಮೆಕ್ಯಾನಿಕಲ್ ಬ್ರಾಂಚಿನವರಿಗೆ ಹೆಸರು ಕೇಳಿ ಗೊತ್ತಿರಬಹುದು. ಉಳಿದವರಿಗೂ ಇವರ ಕಥೆ ಬೇಕು ಅಂತ ನಮಗನ್ನಿಸಿತು. ಯಾಕಂದ್ರೆ ಇದು ಗಣಿತದಲ್ಲಿ ಮೂರು ಸಲ ಫೇಲಾದ ಇಂಜಿನಿಯರ್ ಒಬ್ಬರ ಕಥೆ.

ಅಲೆಕ್ ಹುಟ್ಟಿದ್ದು 1906ರ ನವೆಂಬರ್ 18ರಂದು, ಸ್ಮಿರ್ನಾ ಎಂಬ ಬಂದರು ಊರಲ್ಲಿ. ಈಗಿನ ಟರ್ಕಿಯ ಇಜ್ಮಿರ್ ಅದು. ತಂದೆ ಗ್ರೀಕ್ ಮೂಲದವರು, ಆದರೆ ಬ್ರಿಟಿಷ್ ಪ್ರಜೆ. ತಾಯಿ ಹುಲ್ಡಾ ಜರ್ಮನ್. ಮನೆಯವರದ್ದು ಹಡಗಿನ ಇಂಜಿನ್‌ಗಳ ವರ್ಕ್‌ಶಾಪ್. ಹಾಗಾಗಿ ಹುಡುಗ ಬೆಳೆದದ್ದೇ ಕಬ್ಬಿಣ, ಗ್ರೀಸು, ಆವಿಯ ಮಧ್ಯೆ. 1922ರ ಸೆಪ್ಟೆಂಬರಲ್ಲಿ ಯುದ್ಧದಲ್ಲಿ ಗೆದ್ದ ಟರ್ಕಿಯ ಸೈನ್ಯ ಸ್ಮಿರ್ನಾಕ್ಕೆ ಬಂತು, ಊರು ಹೊತ್ತಿ ಉರೀತು. ಬ್ರಿಟಿಷ್ ಪ್ರಜೆಗಳನ್ನು ಹಡಗಿನಲ್ಲಿ ಮಾಲ್ಟಾಕ್ಕೆ ಸಾಗಿಸಿದರು. ಮನೆ, ವರ್ಕ್‌ಶಾಪ್ ಎಲ್ಲ ಅಲ್ಲೇ ಉಳೀತು. ಇಂಗ್ಲೆಂಡ್ ತಲುಪೋ ಮೊದಲೇ ತಂದೆ ತೀರಿಹೋದರು. ಕೊನೆಗೆ 1923ರಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿದ್ದು ತಾಯಿ ಮಗ ಇಬ್ಬರೇ.

ಲಂಡನ್‌ನ ಬ್ಯಾಟರ್ಸೀ ಪಾಲಿಟೆಕ್ನಿಕ್ ಸೇರಿದರು. ಡ್ರಾಯಿಂಗ್ ಅಂದ್ರೆ ಪ್ರಾಣ, ಗಣಿತ ಅಂದ್ರೆ ಆಗದು. ಮೂರು ಸಲ ಪರೀಕ್ಷೆ ಬರೆದರೂ ಗಣಿತ ಪಾಸಾಗಲಿಲ್ಲ. ಕೊನೆಗೆ ಸಿಕ್ಕಿದ್ದು ಡಿಪ್ಲೊಮಾ. ಗಣಿತ ಅನ್ನೋದು ಹೊಸ ಯೋಚನೆಗೆ ಶತ್ರು ಎಂಬ ಅಭಿಪ್ರಾಯ ಅವರಿಗೆ ಜೀವನಪೂರ್ತಿ ಇತ್ತಂತೆ. (ಎಂ-ತ್ರೀ ಬ್ಯಾಕ್ ಇರೋ ಗೆಳೆಯರು ಖುಷಿಪಡೋ ಮೊದಲು ಒಂದು ಮಾತು: ಅವರ ಜೊತೆ ಲೆಕ್ಕ ಹಾಕೋಕೆ ಒಳ್ಳೆಯ ಇಂಜಿನಿಯರುಗಳು ಯಾವಾಗಲೂ ಇದ್ದರು.) ಓದಿನ ದಿನಗಳ ಸುಮಾರಿಗೆ ತಾಯಿಯನ್ನು ಒಂದು ಸಿಂಗರ್ ಕಾರಿನಲ್ಲಿ ಕೂರಿಸಿಕೊಂಡು ಯುರೋಪ್ ಸುತ್ತೋಕೆ ಹೊರಟರು. ಕಾರು ದಾರಿಯುದ್ದಕ್ಕೂ ಕೆಡ್ತಾ ಹೋಯಿತು. ಇವರು ರಿಪೇರಿ ಮಾಡ್ತಾ ಹೋದರು. ನಮ್ಮ ಪ್ರಕಾರ ಅವರ ನಿಜವಾದ ಪ್ರಾಕ್ಟಿಕಲ್ ಕ್ಲಾಸ್ ಅದೇ.

ಆ ಕಾಲದ ಇಂಗ್ಲೆಂಡಲ್ಲಿ ದುಡ್ಡಿಲ್ಲದ, ಕಾರಿನ ಹುಚ್ಚಿರೋ ಹುಡುಗರಿಗೆಲ್ಲ ಒಂದೇ ಗತಿ, ಆಸ್ಟಿನ್ ಸೆವೆನ್. 1922ರಲ್ಲಿ ಬಂದ ಪುಟ್ಟ ಕಾರು, 747 ಸಿಸಿ ಇಂಜಿನ್. ಹಳೆಯದಾದ ಮೇಲೆ ಅಗ್ಗಕ್ಕೆ ಸಿಗ್ತಿತ್ತು. ಬಾಡಿ ಕಿತ್ತು, ಚಾಸಿಸ್ ಇಟ್ಟುಕೊಂಡು, ತಗಡು ಬಡಿದು ಮನೆ ಶೆಡ್ಡಲ್ಲೇ ರೇಸ್ ಕಾರು ಮಾಡ್ತಿದ್ದರು. ಅಂಥ ಕಾರುಗಳಿಗೆ ಸ್ಪೆಷಲ್ ಅಂತ ಹೆಸರು. ಇಸ್ಸಿಗೋನಿಸ್ ಕೂಡ ಒಂದು ಆಸ್ಟಿನ್ ಸೆವೆನ್ ತಗೊಂಡು ಬಿಚ್ಚಿ ಜೋಡಿಸಿ ರೇಸ್ ಓಡಿಸಿದರು. ಅಷ್ಟಕ್ಕೆ ತೃಪ್ತಿ ಆಗಲಿಲ್ಲ. ಗೆಳೆಯ ಜಾರ್ಜ್ ಡೌಸನ್ ಜೊತೆ ಸೇರಿ ಹೊಸದೇ ಒಂದು ಕಾರು ಕಟ್ಟೋಕೆ ಶುರು ಮಾಡಿದರು. ಲೈಟ್‌ವೇಟ್ ಸ್ಪೆಷಲ್ ಅಂತ ಹೆಸರು. ಕೆಲಸ ಮುಗಿಸಿ ಬಂದ ಮೇಲೆ, ರಜೆಯಲ್ಲಿ, ಕರೆಂಟಿನ ಟೂಲ್ ಒಂದೂ ಇಲ್ಲದೆ, ಗರಗಸ, ಅರ, ಕೈ ಡ್ರಿಲ್ ಹಿಡಿದು ಮಾಡಿದ್ದು. 1938ರ ಹೊತ್ತಿಗೆ ಮುಗೀತು, ಅಂದ್ರೆ ವರ್ಷಗಟ್ಟಲೆ ಹಿಡೀತು. ಪ್ಲೈವುಡ್ ಮೇಲೆ ಅಲ್ಯೂಮಿನಿಯಂ ಅಂಟಿಸಿದ ಬಾಡಿ ತಾನೇ ಭಾರ ಹೊರುತ್ತಿತ್ತು, ಬೇರೆ ಚಾಸಿಸ್ ಇಲ್ಲ. ಸಸ್ಪೆನ್ಶನ್‌ಗೆ ಸ್ಟೀಲ್ ಸ್ಪ್ರಿಂಗ್ ಬದಲು ರಬ್ಬರ್. ಈ ರಬ್ಬರ್ ನೆನಪಿಟ್ಟುಕೊಳ್ಳಿ, ಇಪ್ಪತ್ತು ವರ್ಷ ಆದಮೇಲೆ ಮತ್ತೆ ಬರುತ್ತೆ.

ಅಷ್ಟರಲ್ಲಿ ಹಂಬರ್ ಕಂಪನಿಯಲ್ಲಿದ್ದು, 1936ರಲ್ಲಿ ಆಕ್ಸ್‌ಫರ್ಡ್ ಹತ್ತಿರದ ಕೌಲಿಯ ಮಾರಿಸ್ ಕಾರ್ಖಾನೆ ಸೇರಿದ್ದರು. ಎರಡನೇ ಮಹಾಯುದ್ಧದ ಮಧ್ಯೆಯೇ ಒಂದು ಚಿಕ್ಕ ಕಾರಿನ ಚಿತ್ರ ಬರೆಯೋಕೆ ಕೂತರು. ಅದೇ ಮಾರಿಸ್ ಮೈನರ್. ಮಾದರಿ ಕಾರು ತಯಾರಾದ ಮೇಲೆ ಅದು ತೀರಾ ಸಪೂರ ಅನ್ನಿಸಿತು. ಸರಿ, ಕಾರನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿದರು, ಹೋಳುಗಳನ್ನು ಸರಿಸಿ ಸರಿಸಿ ನೋಡಿದರು, ನಾಲ್ಕು ಇಂಚು ಅಗಲ ಸೇರಿಸಿದಾಗ ಕಣ್ಣಿಗೆ ಸರಿ ಬಂತು. ಆದರೆ ಬಂಪರ್‌ಗಳು ಆಗಲೇ ತಯಾರಾಗಿದ್ದವು. ಅವನ್ನೂ ನಡುವೆ ಕತ್ತರಿಸಿ ತುಂಡು ಪಟ್ಟಿ ಸೇರಿಸಿದರು. ಮೊದಮೊದಲ ಮೈನರ್‌ಗಳ ಬಂಪರಿನಲ್ಲಿ ಆ ತೇಪೆ ಹಾಗೇ ಕಾಣುತ್ತೆ. ಕಂಪನಿ ಕಾರಿಗೇ ಶೆಡ್ಡಿನ ಬುದ್ಧಿ!

1948ರಲ್ಲಿ ಬಂದ ಮೈನರ್ ಬ್ರಿಟನ್‌ನಲ್ಲಿ ಹತ್ತು ಲಕ್ಷ ದಾಟಿದ ಮೊದಲ ಕಾರಾಯಿತು. ಮನೆಯಲ್ಲೇ ರಿಪೇರಿ ಮಾಡ್ಕೊಳ್ಳೋರಿಗಂತೂ ಇದು ವರ. ಇಂಜಿನ್ ಸುತ್ತ ಕೈ ಆಡುತ್ತೆ, ಬ್ಯಾಟರಿ ಸತ್ತರೆ ಹ್ಯಾಂಡಲ್ ಹಾಕಿ ತಿರುಗಿಸಬಹುದು. ಒಂದೇ ಎಚ್ಚರಿಕೆ ಬೇಕು, ಮುಂದಿನ ಚಕ್ರದ ಸಸ್ಪೆನ್ಶನ್ ಕೆಳಗೆ ಟ್ರನಿಯನ್ ಅನ್ನೋ ಭಾಗ ಇದೆ, ಅದಕ್ಕೆ ಗ್ರೀಸ್ ಗನ್ ಹಿಡಿಯೋದು ಮರೆತರೆ ಥ್ರೆಡ್ ಸವೆದು ಒಂದಿನ ಚಕ್ರವೇ ಮಡಚಿಕೊಂಡು ಬೀಳುತ್ತೆ. ಇದೇ ಮೈನರ್ ನಮ್ಮ ದೇಶದಲ್ಲಿ ಬೇಬಿ ಹಿಂದೂಸ್ತಾನ್ ಆಗಿ ಬಂತು. ಇದರ ಜೊತೆಯಲ್ಲೇ ಅವರು ಮಾಡಿದ ದೊಡ್ಡ ಕಾರು ಮಾರಿಸ್ ಆಕ್ಸ್‌ಫರ್ಡ್ ಇಲ್ಲಿ ಹಿಂದೂಸ್ತಾನ್ 14 ಆಯಿತು. ಅಂಬಾಸಿಡರ್ ಬಂದದ್ದು ಅದೇ ಆಕ್ಸ್‌ಫರ್ಡ್ ಹೆಸರಿನ ಮುಂದಿನ ಮಾದರಿಯಿಂದ.

1952ರಲ್ಲಿ ಆಲ್ವಿಸ್ ಕಂಪನಿಗೆ ಹೋಗಿ ಒಂದು ದೊಡ್ಡ ಕಾರು ಡಿಸೈನ್ ಮಾಡಿದರು, ಅದು ಮಾರುಕಟ್ಟೆಗೆ ಬರಲೇ ಇಲ್ಲ. 1955ರಲ್ಲಿ ವಾಪಸ್ ಬಂದರು. ಅಷ್ಟೊತ್ತಿಗೆ ಮಾರಿಸ್ ಮತ್ತು ಆಸ್ಟಿನ್ ಸೇರಿ ಬಿಎಂಸಿ ಆಗಿತ್ತು. 1956ರಲ್ಲಿ ಸುಯೆಜ್ ಕಾಲುವೆ ಬಿಕ್ಕಟ್ಟು, ಬ್ರಿಟನ್‌ನಲ್ಲಿ ಪೆಟ್ರೋಲ್‌ಗೆ ರೇಷನ್. ಬಿಎಂಸಿ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್ ಕರೆದು ಚಿಕ್ಕ ಕಾರು ಬೇಕು, ಬೇಗ ಬೇಕು, ಇಂಜಿನ್ ಮಾತ್ರ ಇರೋದನ್ನೇ ಬಳಸಬೇಕು ಅಂತ ಹೇಳಿದರು.

ಇಸ್ಸಿಗೋನಿಸ್ ಹಾಕಿಕೊಂಡ ಲೆಕ್ಕ ಸರಳ. ಕಾರಿನ ಉದ್ದ ಹತ್ತು ಅಡಿ, ಅದರಲ್ಲಿ ನಾಲ್ಕು ಜನ ಕೂರಬೇಕು, ಸಾಮಾನಿಗೂ ಜಾಗ ಬೇಕು. ಹಾಗಿದ್ದ ಮೇಲೆ ಇಂಜಿನ್ನಿಗೆ ಉಳಿಯೋದೆಷ್ಟು? ಅದಕ್ಕೇ ಇಂಜಿನ್ ಅಡ್ಡ ತಿರುಗಿಸಿದರು. ಗೇರ್‌ಬಾಕ್ಸ್ ಇಡೋಕೆ ಪಕ್ಕದಲ್ಲಿ ಜಾಗ ಇಲ್ಲ, ಇಂಜಿನ್ ಕೆಳಗೆ ಆಯಿಲ್ ಸಂಪ್ ಒಳಗೇ ಇಟ್ಟರು. ಇಂಜಿನ್ನಿಗೂ ಗೇರಿಗೂ ಒಂದೇ ಆಯಿಲ್. ಚಕ್ರ ಹತ್ತೇ ಇಂಚು, ಅದಕ್ಕೆ ಡನ್‌ಲಪ್ ಹೊಸ ಟೈರ್ ಮಾಡಿಕೊಡಬೇಕಾಯಿತು. ಸಸ್ಪೆನ್ಶನ್‌ಗೆ ಗೆಳೆಯ ಅಲೆಕ್ಸ್ ಮೋಲ್ಟನ್ ಮಾಡಿದ ರಬ್ಬರ್ ಕೋನ್. ಶೆಡ್ಡಿನ ರಬ್ಬರ್ ಇಲ್ಲಿ ಬಂತು ನೋಡಿ. 1959ರ ಆಗಸ್ಟ್ 26ಕ್ಕೆ ಮಿನಿ ಹೊರಬಂತು. 848 ಸಿಸಿ, ತೆರಿಗೆ ಸೇರಿ ಸುಮಾರು 500 ಪೌಂಡ್. ಫೋರ್ಡ್ ಕಂಪನಿಯವರು ಒಂದು ಮಿನಿ ತಗೊಂಡು ಬಿಚ್ಚಿ ಲೆಕ್ಕ ಹಾಕಿ, ಈ ಬೆಲೆಗೆ ಮಾರಿದರೆ ಪ್ರತಿ ಕಾರಿಗೂ ನಷ್ಟವೇ ಅನ್ನೋ ತೀರ್ಮಾನಕ್ಕೆ ಬಂದರಂತೆ.

ಈಗ ನಮ್ಮ ತಕರಾರು. ಜೀವನದ ಅರ್ಧ ಭಾಗ ಕೈಗೆ ಗ್ರೀಸ್ ಮೆತ್ತಿಕೊಂಡೇ ಕಳೆದ ಮನುಷ್ಯ, ರಿಪೇರಿ ಮಾಡೋರ ಬಗ್ಗೆ ಇಷ್ಟು ಕಮ್ಮಿ ಯೋಚಿಸಿದ್ದು ಹೇಗೆ? ಪ್ರಯೋಗದ ಹಂತದಲ್ಲಿ ಇಂಜಿನ್ ದಿಕ್ಕು ತಿರುಗಿಸಿದ್ದರಿಂದ ಡಿಸ್ಟ್ರಿಬ್ಯೂಟರ್, ಸ್ಪಾರ್ಕ್ ಪ್ಲಗ್ ಎಲ್ಲ ಮುಂದಿನ ಗ್ರಿಲ್ ಹಿಂದೆಯೇ ಬಂದವು. ಜೋರು ಮಳೆ ಬಂದರೆ ಗ್ರಿಲ್ ಒಳಗಿಂದ ನೀರು ಹೊಡೆದು ಕಾರು ರಸ್ತೆ ಮಧ್ಯೆ ನಿಲ್ತಿತ್ತು. ಕಾರಿನ ಮಾಲೀಕರೇ ಇದಕ್ಕೆ ಉಪಾಯ ಕಂಡುಕೊಂಡರು. ಪಾತ್ರೆ ತೊಳೆಯೋ ರಬ್ಬರ್ ಗ್ಲೌಸನ್ನು ಡಿಸ್ಟ್ರಿಬ್ಯೂಟರಿಗೆ ಟೋಪಿ ಥರ ಹಾಕಿ, ಬೆರಳುಗಳ ತುದಿ ಕತ್ತರಿಸಿ ಅದರೊಳಗಿಂದ ವೈರ್ ಎಳೆಯೋದು! ಮೊದಲ ಕಾರುಗಳಲ್ಲಿ ನೆಲದ ತಗಡಿನ ಜೋಡಣೆ ತಪ್ಪಾಗಿ ಕಾಲಡಿ ನೀರು ನಿಲ್ತಿತ್ತು, ಅದನ್ನು ಆಮೇಲೆ ಸರಿಮಾಡಿದರು. ಗೇರ್‌ಬಾಕ್ಸ್ ಕೆಟ್ಟರೆ ಇಂಜಿನ್ ಸಮೇತ ಹೊರಗೆ ಎತ್ತಲೇಬೇಕು. ಆಯಿಲ್ ಬದಲಿಸೋದು ತಡ ಮಾಡಿದರೆ ಗೇರಿನ ಹಲ್ಲು ಆ ಆಯಿಲನ್ನು ಅರೆದು ಅರೆದು ತೆಳ್ಳಗೆ ಮಾಡಿಬಿಡುತ್ತೆ, ಅದೇ ಆಯಿಲ್ ಇಂಜಿನ್ ಬೇರಿಂಗಿಗೂ ಹೋಗ್ಬೇಕು.

ಆದರೂ ನ್ಯಾಯ ಹೇಳಬೇಕಂದ್ರೆ, ಕ್ಲಚ್ ಬದಲಿಸೋಕೆ ಇಂಜಿನ್ ಇಳಿಸೋದೇ ಬೇಡ, ಪಕ್ಕದ ಕವರ್ ಬಿಚ್ಚಿ ಪುಲ್ಲರ್ ಹಾಕಿ ಫ್ಲೈವೀಲ್ ಎಳೆದರೆ ಸಾಕು. ಇಂಜಿನ್ ಕೂಡ ಮೈನರ್‌ಗೆ ಹಾಕ್ತಿದ್ದ ಅದೇ ಎ-ಸೀರೀಸ್ ಜಾತಿಯದು, ಬಿಡಿಭಾಗಕ್ಕೆ ಅಲೆಯಬೇಕಿಲ್ಲ. ಸ್ಪ್ಯಾನರ್ ಸೆಟ್ಟು, ತಾಳ್ಮೆ, ತೆಳ್ಳಗಿನ ಕೈ ಇದ್ದವರು ಮನೆ ಮುಂದೆಯೇ ಮಿನಿ ಬಿಚ್ಚಿ ಜೋಡಿಸಿದರು. ಇಂಥವರಿಗೆ ಅಂತಲೇ ಪುಸ್ತಕಗಳೂ ಬಂದವು. ಶಾಲೆಯಲ್ಲಿದ್ದಾಗಲೇ ಆಸ್ಟಿನ್ ಸೆವೆನ್ ಸ್ಪೆಷಲ್ ಕಟ್ಟಿ ಅದರ ಬಗ್ಗೆ ಕಿರುಪುಸ್ತಕ ಮಾಡಿದ್ದ ಜಾನ್ ಹೇನ್ಸ್, 1966ರಲ್ಲಿ ತಮ್ಮ ಮೊದಲ ರಿಪೇರಿ ಮ್ಯಾನ್ಯುಯಲ್ ತಂದರು. ಅದು ಆಸ್ಟಿನ್-ಹೀಲಿ ಸ್ಪ್ರೈಟ್ ಕಾರಿನದ್ದು. ಅದರಲ್ಲೂ ಎ-ಸೀರೀಸ್ ಇಂಜಿನ್ನೇ. ಮಿನಿಯಂತೂ ರೇಸಿಗೂ ಹೋಯಿತು, 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು.

ಇಸ್ಸಿಗೋನಿಸ್ ಹಠಮಾರಿ. ಗಿರಾಕಿಗಳನ್ನು ಕೇಳಿ ಕಾರು ಮಾಡೋದರಲ್ಲಿ ಅವರಿಗೆ ನಂಬಿಕೆ ಇರಲಿಲ್ಲ. ಕಾರಲ್ಲಿ ರೇಡಿಯೋ ಬೇಡ ಅಂದವರು, ಆದರೆ ಸಿಗರೇಟು ಸೇದುತ್ತಿದ್ದರಿಂದ ಆ್ಯಶ್‌ಟ್ರೇ ಇಟ್ಟರು. 1962ರ ಬಿಎಂಸಿ 1100 ಚೆನ್ನಾಗಿ ಮಾರಾಟವಾಯಿತು, 1969ರ ಮ್ಯಾಕ್ಸಿ ಅಷ್ಟಾಗಿ ಓಡಲಿಲ್ಲ. ಅಷ್ಟರಲ್ಲಿ ಕಂಪನಿ ಬ್ರಿಟಿಷ್ ಲೇಲ್ಯಾಂಡ್ ಆಗಿ, ಅವರ ಜಾಗಕ್ಕೆ ಬೇರೆಯವರು ಬಂದಿದ್ದರು. ರಾಯಲ್ ಸೊಸೈಟಿಯ ಫೆಲೋ ಆಗಿದ್ದು 1967ರಲ್ಲಿ, ಸರ್ ಪದವಿ 1969ರಲ್ಲಿ. ಲೆಕ್ಕದಲ್ಲಿ ಫೇಲಾದವರಿಗೆ ಎಫ್‌ಆರ್‌ಎಸ್ ಅನ್ನೋದು ನಮಗೆ ತುಂಬಾ ಇಷ್ಟವಾದ ವಿಷಯ.

ಅವರು ಮದುವೆ ಆಗಲಿಲ್ಲ. ತಾಯಿ 1972ರಲ್ಲಿ ತೀರಿಹೋಗುವವರೆಗೂ ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರ ಜೊತೆಗೇ ಇದ್ದರು. 1971ರಲ್ಲಿ ನಿವೃತ್ತಿಯಾದಾಗ ಕಂಪನಿಯಿಂದ ಉಡುಗೊರೆಯಾಗಿ ಪಡೆದದ್ದು ಅತಿ ದೊಡ್ಡ ಮೆಕ್ಯಾನೋ ಸೆಟ್, ನಟ್ಟು ಬೋಲ್ಟು ಜೋಡಿಸೋ ಮಕ್ಕಳ ಆಟಿಕೆ. ಮನೆಯಲ್ಲಿ ಕೂತು ಗೇರೇ ಇಲ್ಲದ ಮಿನಿ ಮಾಡೋ ಪ್ರಯತ್ನ ವರ್ಷಗಟ್ಟಲೆ ನಡೆಸಿದರು. 1988ರ ಅಕ್ಟೋಬರ್ 2ರಂದು ತೀರಿಕೊಂಡರು. ಹಳೇ ಮಿನಿ ಕಾರ್ಖಾನೆಯಿಂದ ಬರೋದು ನಿಂತದ್ದು 2000ದ ಅಕ್ಟೋಬರಲ್ಲಿ, ಅಷ್ಟೊತ್ತಿಗೆ 53 ಲಕ್ಷಕ್ಕೂ ಹೆಚ್ಚು ಕಾರು ಆಗಿದ್ದವು. ಈಗ ಉಳಿದಿರೋ ಕಾರುಗಳ ರಬ್ಬರ್ ಕೋನ್ ವಯಸ್ಸಾಗಿ ಕುಗ್ಗಿರುತ್ತೆ, ಕಾರು ನೆಲಕ್ಕೆ ತಗ್ಗಿ ಕೂರುತ್ತೆ. ಹೊಸ ಕೋನ್ ತರಿಸಿ, ಅದನ್ನು ಒತ್ತಿ ಹಿಡಿಯೋ ಟೂಲ್ ಹೊಂದಿಸಿಕೊಂಡು, ಇವತ್ತಿಗೂ ಜನ ಅದನ್ನು ಮನೆ ಗ್ಯಾರೇಜಲ್ಲೇ ಬದಲಿಸ್ತಾರೆ.