ಗದ್ದಲವನ್ನು ಮೂಲದಲ್ಲೇ ತಡೆದ ಬೋಸ್

ಉಡುಪಿನೊಳಗೆ ಅಡಗಿಸಿದ ವಸ್ತುವನ್ನು ಗುರುತಿಸಲು ಹಲವು ದೇಶಗಳ ವಿಮಾನ ನಿಲ್ದಾಣಗಳಲ್ಲಿ ಮಿಲಿಮೀಟರ್ ಅಲೆಗಳಿಂದ ಚಿತ್ರ ತೆಗೆಯಲಾಗುತ್ತದೆ. ಈ ಚಿತ್ರಗಳಿಗೊಂದು ಹುಟ್ಟುದೋಷವಿದೆ. ಗ್ರಾಹಕದ ಶಾಖವೂ ಅಲ್ಲಿಲ್ಲಿ ಪ್ರತಿಫಲಿಸಿದ ಅಲೆಗಳ ಕಲಬೆರಕೆಯೂ ಸೇರಿ ಅವುಗಳ ಮೇಲೆ ಮಚ್ಚೆಗಳನ್ನು ಮೂಡಿಸುತ್ತವೆ. ತಂತ್ರಜ್ಞರ ಭಾಷೆಯಲ್ಲಿ ಇದು ‘ಗದ್ದಲ’. ಅದನ್ನು ಸೋಸುವ ಹೊಣೆ ಇಂದು ಬಹುಮಟ್ಟಿಗೆ ಗಣಕಯಂತ್ರದ್ದು. ಗಣಕವಿಲ್ಲದ ಕಾಲದಲ್ಲಿ, ಇದೇ ಅಲೆಗಳ ಗದ್ದಲದೊಡನೆ ಸೆಣಸಿದವರು ಜಗದೀಶಚಂದ್ರ ಬೋಸ್.

ಬೋಸ್ ಹುಟ್ಟಿದ್ದು 1858ರಲ್ಲಿ, ಇಂದಿನ ಬಾಂಗ್ಲಾದೇಶದ ಮೈಮನಸಿಂಗ್‌ನಲ್ಲಿ. ಕೇಂಬ್ರಿಜ್‌ನಲ್ಲಿ ಕಲಿತು 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಅಲ್ಲಿ ಭಾರತೀಯ ಪ್ರಾಧ್ಯಾಪಕರಿಗೆ ಐರೋಪ್ಯರ ವೇತನದ ಮೂರನೇ ಎರಡು ಪಾಲು ಮಾತ್ರ. ತಾತ್ಕಾಲಿಕ ನೇಮಕವೆಂದು ಬೋಸರಿಗೆ ಅದರಲ್ಲೂ ಅರ್ಧ. ಪ್ರತಿಭಟನೆಯಾಗಿ ಅವರು ಮೂರು ವರ್ಷ ಸಂಬಳವನ್ನೇ ಮುಟ್ಟದೆ ಪಾಠ ಹೇಳಿದರು. ಕೊನೆಗೆ ಸರ್ಕಾರ ಪೂರ್ಣ ವೇತನವನ್ನು ಬಾಕಿಸಹಿತ ಪಾವತಿಸಿತು.

ಕಾಲೇಜಿನ ಇಕ್ಕಟ್ಟಾದ ಕೋಣೆಯಲ್ಲಿ, ಸ್ಥಳೀಯ ತಗಡು ಕೆಲಸಗಾರನೊಬ್ಬನ ನೆರವಿನಿಂದ ಅವರು ಉಪಕರಣಗಳನ್ನು ರೂಪಿಸಿದರು. ಉದ್ದದ ಅಲೆಗಳು ಅಂಚುಗಳಲ್ಲಿ ಬಾಗಿ ಚದುರುತ್ತವೆ. ಆದ್ದರಿಂದ ಐದು ಮಿಲಿಮೀಟರ್‌ನಷ್ಟು ಕಿರಿದಾದ ಅಲೆಗಳನ್ನು ಉತ್ಪಾದಿಸಿದರು. ಆದರೆ ಕಿಡಿ ಹೊಮ್ಮಿಸುವ ವಿದ್ಯುತ್ ಸುರುಳಿಯೇ ದಾರಿತಪ್ಪಿದ ಅಲೆಗಳನ್ನು ಸೂಸಿ ಸೂಕ್ಷ್ಮ ಗ್ರಾಹಕವನ್ನು ಕದಡುತ್ತಿತ್ತು. ಬೋಸ್ ಸುರುಳಿಯನ್ನು ಇಮ್ಮಡಿ ಗೋಡೆಯ ಲೋಹದ ಪೆಟ್ಟಿಗೆಯಲ್ಲಿ ಮುಚ್ಚಿ, ಅಲೆಗೆ ಒಂದೇ ಕೊಳವೆಯ ದಾರಿ ಬಿಟ್ಟರು. ಎಡೆಬಿಡದ ಕಿಡಿಗಳ ಬದಲು ಪ್ರತಿ ಪ್ರಯೋಗಕ್ಕೆ ಒಂದೇ ಕಿಡಿ ಸಾಕೆಂದು ಕಂಡುಕೊಂಡರು. ಬೇಕಾದ ಅಲೆಯನ್ನು ಹಿಡಿದು ಗ್ರಾಹಕಕ್ಕೆ ಒಯ್ಯಲು ಆಲಿಕೆಯಂಥ ಬಾಯಿ ಜೋಡಿಸಿದರು.

1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಈ ಉಪಕರಣಗಳು ಪ್ರದರ್ಶನಗೊಂಡವು. ಪೇಟೆಂಟಿನಿಂದ ಹಣ ಮಾಡಲು ಬೋಸ್ ಒಲ್ಲದವರು. ಮಿತ್ರರ ಒತ್ತಾಯದಿಂದ ಪಡೆದ, ಗೆಲೀನಾ ಖನಿಜದ ಗ್ರಾಹಕದ ಅಮೆರಿಕನ್ ಪೇಟೆಂಟ್ 1904ರಲ್ಲಿ ಮಂಜೂರಾದರೂ ಅವರು ಅದರಿಂದ ಲಾಭ ಮಾಡಿಕೊಳ್ಳಲಿಲ್ಲ. ಅಷ್ಟರಲ್ಲಿ ಅವರ ಗಮನ ಸಸ್ಯಗಳ ಸ್ಪಂದನದತ್ತ ಹೊರಳಿತ್ತು. 1917ರಲ್ಲಿ ಕಲ್ಕತ್ತೆಯಲ್ಲಿ ಬೋಸ್ ಸಂಶೋಧನಾ ಸಂಸ್ಥೆ ಸ್ಥಾಪಿಸಿ, 1937ರಲ್ಲಿ ಗಿರಿಡೀಹ್‌ನಲ್ಲಿ ಕೊನೆಯುಸಿರೆಳೆದರು. ಅವರ 1897ರ ಬರಹಗಳ ಕೆಲವು ಕಲ್ಪನೆಗಳು ನೂರು ವರ್ಷಗಳ ಬಳಿಕ, 1990ರ ದಶಕದಲ್ಲಿ, ಅಮೆರಿಕದ ಕಿಟ್ ಪೀಕ್‌ನ ರೇಡಿಯೊ ದೂರದರ್ಶಕದ ಗ್ರಾಹಕದಲ್ಲಿ ಬಳಕೆಯಾದವು.

ಇಂದಿನ ಟೆರಾಹರ್ಟ್ಸ್ ಚಿತ್ರಗಳನ್ನು ಗಣಕ ಎಷ್ಟು ಸೋಸಿದರೂ ಒಂದು ಅಪಾಯ ಉಳಿದೇ ಇರುತ್ತದೆ: ಮಚ್ಚೆಯೊಡನೆ ಕ್ಷೀಣ ಸುಳಿವೂ ಅಳಿಸಿಹೋಗಬಹುದು. ಭದ್ರತಾ ತಪಾಸಣೆಯಲ್ಲಿ ಆ ಸುಳಿವೇ ಮುಖ್ಯ. ಉಪಕರಣದಲ್ಲೇ ತಡೆದ ಗದ್ದಲಕ್ಕೆ ಅಂಥ ಬೆಲೆ ತೆರಬೇಕಿಲ್ಲ. ಉತ್ತಮ ಉಪಕರಣ ಕಟ್ಟುವ ಕೈಕೆಲಸವನ್ನು ನಮ್ಮ ವಿಜ್ಞಾನ ಶಿಕ್ಷಣ ಕಡೆಗಣಿಸಬಾರದು ಎಂಬುದಕ್ಕೆ ಬೋಸರ ಲೋಹದ ಪೆಟ್ಟಿಗೆಗಿಂತ ಬೇರೆ ಸಾಕ್ಷಿ ಬೇಕಿಲ್ಲ.