ದೀನಬಂಧು ಕುದ್ಮುಲ್ ರಂಗರಾಯರು

1859ರಲ್ಲಿ ನಮ್ಮ ಕಾಸರಗೋಡಿನಲ್ಲಿ ಜನ್ಮವೆತ್ತಿ, ಮಂಗಳೂರನ್ನು ಕರ್ಮಭೂಮಿಯನ್ನಾಗಿಸಿಕೊಂಡ ಕುದ್ಮುಲ್ ರಂಗರಾಯರನ್ನು ನಾವು ಈ ಶುಭಸಂದರ್ಭದಲ್ಲಿ ಕೃತಜ್ಞತೆಯಿಂದ ಸ್ಮರಿಸುತ್ತೇವೆ.

ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, ಮೊದಲು ಉಪಾಧ್ಯಾಯರೂ ಬಳಿಕ ವಕೀಲರೂ ಆದ ಅವರು ಸುಖವಾಗಿ ಬಾಳಬಹುದಾಗಿತ್ತು. ಆದರೆ ಅಸ್ಪೃಶ್ಯರೆಂಬ ಕಾರಣಕ್ಕೆ ಅಕ್ಷರದಿಂದ ವಂಚಿತರಾದ ಮಕ್ಕಳ ಅಳಲು ಅವರನ್ನು ಸುಮ್ಮನಿರಗೊಡಲಿಲ್ಲ. ಅವರಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸಂಸ್ಥೆಯನ್ನು ಕಟ್ಟಿದರು. ಹಸಿದ ಹೊಟ್ಟೆಗೆ ಪಾಠ ರುಚಿಸದೆಂದರಿತು ಮಧ್ಯಾಹ್ನದ ಊಟವಿಕ್ಕಿದರು, ಕೈಕಸುಬು ಕಲಿಸಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರೂ ಹಿಂಜರಿಯಲಿಲ್ಲ. ಮಗಳು ರಾಧಾಬಾಯಿಯವರ ವಿವಾಹವು ಡಾ. ಪಿ. ಸುಬ್ಬರಾಯನ್ ಅವರೊಡನೆ ಜಾತಿಯ ಗೆರೆ ದಾಟಿ ನಡೆಯಿತು.

ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ಅಧಿಕಾರಿಯಾಗಿ ಊರ ಬೀದಿಯಲ್ಲಿ ಕಾರಿನಲ್ಲಿ ಸಾಗಬೇಕು, ಆ ಚಕ್ರಗಳೆಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು. ಇದೇ ಅವರ ಬಾಳಿನ ಹಂಬಲ. 1928ರಲ್ಲಿ ರಾಯರು ದಿವಂಗತರಾದರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಸೇವೆಯನ್ನು ಮನಸಾರೆ ಕೊಂಡಾಡಿದರು.

ಇಂಥವರನ್ನು ಹೆತ್ತ ಮಣ್ಣೆಂದು ಹೆಮ್ಮೆಪಡುವ ನಾವು, ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಯಾವ ಮಗುವೂ ಹಿಂದುಳಿಯದಂತೆ ನೋಡಿಕೊಳ್ಳುವುದೇ ಅವರಿಗೆ ಸಲ್ಲಿಸುವ ನಿಜವಾದ ಗೌರವ.